ಹಾಡು ನೋಡುವ ಕಂಪ್ಯೂಟರ್

ಜೂನ್ ೧೧, ಮಂಗಳವಾರ

ಇವತ್ತು ಊಟದ ಹೊತ್ತಿನವರೆಗೂ ಅಂಗಡಿಯವನ ಮೇಲಿನ ಅನುಮಾನ ಮನಸ್ಸಿನಿಂದ ಹೋಗಲೇ ಇಲ್ಲ. ಹೊಸ ಕಂಪ್ಯೂಟರನ್ನೇ ಕೊಟ್ಟನೋ, ಯಾರೋ ಬಳಸಿ ಬಿಟ್ಟಿದ್ದನ್ನು ಒರೆಸಿ ಕಟ್ಟಿಕೊಟ್ಟನೋ? ಟಾರ್ಚ್ ಹಿಡಿದು ಡಬ್ಬವನ್ನೆಲ್ಲ ತಡಕಿದೆ. ಸೀಲ್ ಸರಿಯಾಗಿಯೇ ಇದೆ.

ಯಾರನ್ನು ಕೇಳಿದರೂ ಹೇಳಿದ್ದು ಒಂದೇ: ಯಾವ ಕೆಲಸಕ್ಕೆ ಅಂತ ಮೊದಲು ಹೇಳು, ಆಮೇಲೆ ಕಂಪ್ಯೂಟರ್ ನೋಡು. ನನ್ನದು ಕಟ್ಟಡಗಳ ನಕ್ಷೆ ಬರೆಯುವ ಕೆಲಸ. ಮುಂದಿನ ತಿಂಗಳಿಂದ ಮನೆಯಿಂದಲೇ ಮಾಡಲು ಆಫೀಸಿನವರು ಒಪ್ಪಿದ್ದಾರೆ. ದೊಡ್ಡ ನಕ್ಷೆ ತೆರೆದರೆ ತೆವಳುವಂಥದ್ದು ತಂದರೆ ಆ ಕೆಲಸಕ್ಕೂ ಕಲ್ಲು ಬಿದ್ದಂತೆ.

ಆದರೆ ಬೆಳಿಗ್ಗೆ ಅಂಗಡಿಯಲ್ಲಿ ಮಗು ರಚ್ಚೆ ಹಿಡಿಯಿತು. ಎತ್ತಿಕೊಂಡು ಹೊರಗೆ ಹೋದೆ. ಒಳಗೆ ಬರುವಷ್ಟರಲ್ಲಿ ಇವರು ಬಿಲ್ ಮಾಡಿಸಿಬಿಟ್ಟಿದ್ದರು.

"ಹಾಡು, ಸಿನಿಮಾ ಎಲ್ಲಾ ಸೂಪರಾಗಿ ಬರುತ್ತೆ ಅಕ್ಕಾ," ಎಂದ ಅಂಗಡಿಯವನು.

ಹಾಡು ಯಾರು ಕೇಳಿದ್ದರು? ಊಟಕ್ಕೆ ಕೂತಾಗ ಇವರನ್ನು ಕೇಳಿದೆ.

"ರೀ, ಅವನಿಗೆ ಏನಂತ ಹೇಳಿದ್ರಿ?"

"ಮಗು ಹಾಡು ನೋಡೋಕೆ ಅಂದೆ. ಮನೇಲಿ ಇನ್ನೇನಿದೆ?"

"ಮತ್ತೆ ನನ್ ಕೆಲ್ಸ?"

"ಅದಿನ್ನೂ ಗ್ಯಾರಂಟಿ ಇಲ್ವಲ್ಲೇ. ಮೊದ್ಲು ನೀನು ನೆಟ್ಟಗೆ ನಿದ್ದೆ ಮಾಡು."

ಗ್ಯಾರಂಟಿ ಇಲ್ಲವೆಂದು ಇವರಿಗೆ ಹೇಳಿದವರು ಯಾರು? ಪಾಪ, ಅಂಗಡಿಯವನು ಕೇಳಿದ್ದನ್ನೇ ಕೊಟ್ಟಿದ್ದಾನೆ. ದಿನವಿಡೀ ಅವನನ್ನು ಶಪಿಸಿದ್ದೇ ಬಂತು. ಇವರು ನನ್ನ ಕೆಲಸವನ್ನು ಮರೆತರೋ, ಬೇಡವೆಂದೇ ಬಿಟ್ಟರೋ? ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾರೆ, ಏನೂ ಆಗದವರ ಹಾಗೆ.

ಡಬ್ಬ ಒಡೆಯದಿದ್ದರೆ ಬದಲಾಯಿಸಿ ಕೊಡುತ್ತಾರಂತೆ. ನಾಳೆ ಮಗುವನ್ನು ಇವರ ಹೆಗಲಿಗೆ ಹಾಕಿ ನಾನೊಬ್ಬಳೇ ಹೋಗುತ್ತೇನೆ. ಎಲ್ಲಿಗೆ ಎಂದರೆ, ನನ್ನ ಕೆಲಸಕ್ಕೆ ಬೇಕಾದದ್ದು ತರೋದಕ್ಕೆ ಎನ್ನುತ್ತೇನೆ. ಆಗ ಇವರ ಮುಖ ನೋಡಬೇಕು. ಮರೆತಿದ್ದರೋ ಇಲ್ಲವೋ, ಅದರಲ್ಲೇ ಗೊತ್ತಾಗುತ್ತದೆ.