ಶತ್ರು ದೇಶದ ಮೂರನೇ ಅಡ್ಡರಸ್ತೆಯಿಂದ

ವೈಮಾನಿಕ ಪ್ರದರ್ಶನ ಹಾಗೂ ಬಹುರಾಷ್ಟ್ರೀಯ ಸಮರಾಭ್ಯಾಸದ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ವಿಮಾನಗಳು ನನ್ನ ಮೊಮ್ಮಗಳ ಕಿವಿ ಕಿತ್ತುಕೊಂಡು ಹೋಗಿವೆ. ದಯವಿಟ್ಟು ವಾಪಸು ಕೊಡಿಸಿ. ಗಾಬರಿಯಾಗಬೇಡಿ, ರಕ್ತ ಬಂದಿಲ್ಲ. ಬಂದಿದ್ದರೆ ನಿಮ್ಮ ಕಚೇರಿಯವರಿಗೆ ಅರ್ಥವಾಗುತ್ತಿತ್ತು, ನಾನು ಹೀಗೆ ಪತ್ರಿಕೆಯಲ್ಲಿ ಊರಿಗೆಲ್ಲ ಕೇಳುವಂತೆ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ನಾನೇನೂ ಸದ್ದು ಕಂಡರೆ ಮೂಗು ಮುರಿಯುವ ನಾಜೂಕಿನ ಮನುಷ್ಯನಲ್ಲ. ನಿವೃತ್ತನಾಗುವವರೆಗೆ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಹೊರಡುವ ಬಸ್ಸುಗಳನ್ನು ಕೂಗಿ ಹೇಳಿ ಹೊಟ್ಟೆ ಹೊರೆದವನು. ಆ ಗಂಟಲು ಮನೆಗೂ ಬರುತ್ತಿತ್ತು. ಸಾರಿಗೆ ಉಪ್ಪು ಕಡಿಮೆ ಎಂದರೂ ಬೀದಿಯ ಕೊನೆಗೆ ಕೇಳುತ್ತಿತ್ತು. 'ಇಲ್ಲಿರೋದು ನಾನೊಬ್ಳೇ ಪ್ಯಾಸೆಂಜರ್, ಸ್ವಲ್ಪ ಮೆಲ್ಲಗೆ ಕೂಗಿ' ಎನ್ನುತ್ತಿದ್ದಳು, ಈಗ ತೀರಿಕೊಂಡಿರುವ ನನ್ನಾಕೆ. ಇರಲಿ. ನನ್ನ ಗದ್ದಲದಲ್ಲಿ ಯಾವ ಬಸ್ಸು, ಎಲ್ಲಿಗೆ, ಎಷ್ಟು ಹೊತ್ತಿಗೆ ಎಂಬ ಮಾಹಿತಿಯಾದರೂ ಇರುತ್ತಿತ್ತು. ನಿಮ್ಮ ಗದ್ದಲ ಎಲ್ಲಿಗೆ ಹೊರಟಿದೆ, ಸ್ವಾಮಿ? ಯಾರು ಹತ್ತಬೇಕು, ಯಾರು ಇಳಿಯಬೇಕು? ಊರಿನ ಕಂಬಕಂಬಕ್ಕೂ 'ಗೆಳೆತನದ ಗುಡುಗು' ಎಂದು ಬ್ಯಾನರ್ ಕಟ್ಟಿಸಿದ್ದೀರಿ. ಗೆಳೆಯರು ಮನೆಗೆ ಬರುವಾಗ ಬಾಗಿಲು ತಟ್ಟುವುದನ್ನು ನೋಡಿದ್ದೇನೆ, ಹೆಂಚು ಹಾರಿಸುವುದನ್ನು ನೋಡಿರಲಿಲ್ಲ.

ನನ್ನ ಮಗಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಮಗಳಿಗೆ ನಾಲ್ಕು ತುಂಬಿಲ್ಲ. ಹುಟ್ಟಿದಾಗ ಗುಂಡಗುಂಡಗೆ ಇದ್ದಳೆಂದು ಗುಂಡಮ್ಮ ಎಂದು ಕರೆದೆವು. ನಿಮ್ಮ ಗುಂಡಿಗೂ ಈ ಗುಂಡಿಗೂ ಸಂಬಂಧವಿಲ್ಲ. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹೋದ ವರ್ಷ ನಿಮ್ಮ ಪ್ರದರ್ಶನ ನಡೆದಾಗ ಮಹಡಿಯ ಮೇಲೆ ನನ್ನ ಹೆಗಲೇರಿ ಕೂತು, ವಿಮಾನಗಳು ಬಣ್ಣದ ಹೊಗೆ ಬಿಡುವುದನ್ನು ಕಂಡು ಚಪ್ಪಾಳೆ ತಟ್ಟಿದ್ದಳು. ಅಕ್ಕಪಕ್ಕದ ಮಹಡಿಯವರೆಲ್ಲ ಕಿವಿ ಮುಚ್ಚಿಕೊಂಡಿದ್ದರು. ನಿಮ್ಮ ಕಾರ್ಯಕ್ರಮವನ್ನು ಎರಡೂ ಕೈ ತಟ್ಟಿ ಮೆಚ್ಚಿದವಳು ಇಡೀ ಬೀದಿಯಲ್ಲಿ ಅವಳೊಬ್ಬಳೇ, ಅದೂ ಕೇಳಿಸದೆ ಇದ್ದುದಕ್ಕೆ. ಈ ಪ್ರಶಂಸಾಪತ್ರವನ್ನು ಕಟ್ಟು ಹಾಕಿಸಿ ಇಟ್ಟುಕೊಳ್ಳಿ.

ಆಮೇಲೆ ಶಸ್ತ್ರಚಿಕಿತ್ಸೆಯಾಯಿತು. ಕಿವಿಯ ಒಳಗೊಂದು ಯಂತ್ರ, ಹೊರಗೆ ಅಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುವ ಒಂದು ಬಿಲ್ಲೆ. ಬಿಲ್ಲೆ ಇದ್ದರೆ ಕೇಳಿಸುತ್ತದೆ, ತೆಗೆದರೆ ಇಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ಇದು ಚಮಚದ ಸದ್ದು, ಇದು ನಲ್ಲಿಯ ಸದ್ದು, ಇದು ನಿನ್ನ ಹೆಸರು ಎಂದು ಒಂದೊಂದನ್ನೂ ಪರಿಚಯ ಮಾಡಿಕೊಡಬೇಕು, ಹೊಸದಾಗಿ ಬಂದ ಸೊಸೆಗೆ ನೆಂಟರನ್ನು ತೋರಿಸಿದಂತೆ. ಮಾತು ಕಲಿಸುವ ಮೇಡಂ ಗುರುವಾರ ಗುರುವಾರ ಮನೆಗೆ ಬರುತ್ತಾರೆ. ಮೊದಲ ದಿನವೇ ನನ್ನನ್ನು ಮೂಲೆಗೆ ಕರೆದು, 'ತಾತ, ನೀವು ಮಾತಾಡ್ಬೇಡಿ, ಪಿಸುಗುಟ್ಟಿ ಸಾಕು. ನಿಮ್ಮ ಪಿಸುಮಾತೇ ನಮ್ಮ ಮಾತಿನಷ್ಟಿದೆ' ಎಂದರು. ಹೆಂಡತಿ ಬಾಳಿನುದ್ದಕ್ಕೂ ಹೇಳಿ ಮಾಡಿಸಲಾಗದ ಕೆಲಸವನ್ನು ಮೊಮ್ಮಗಳಿಗಾಗಿ ಮಾಡಿದೆ, ದನಿ ತಗ್ಗಿಸಿದೆ. ಗುಂಡಮ್ಮ ಕೇಳಿಸಿದಾಗಲೆಲ್ಲ ಕಿವಿ ಮುಟ್ಟಿ ತೋರಿಸತೊಡಗಿದಳು. ಒಂದು ಸಂಜೆ ನನ್ನತ್ತ ತಿರುಗಿ 'ತಾ' ಎಂದಳು. ಉಳಿದರ್ಧ ಆಮೇಲೆ ಬರುತ್ತದೆ, ಅವಸರವಿಲ್ಲ ಎಂದುಕೊಂಡೆವು.

ನಿಮಗೆ ಅವಸರವಿತ್ತು. ಆ ವಾರವೇ ಅಭ್ಯಾಸ ಶುರುವಾಯಿತು. ಮಗಳು ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಗುಂಡಮ್ಮ ಕ್ಲಿಪ್ಪುಗಳನ್ನು ಒಂದೊಂದಾಗಿ ಬಕೆಟ್ಟಿಗೆ ಹಾಕಿ, ಅದು 'ಟಕ್' ಅಂದಾಗ ನಗುತ್ತಿದ್ದಳು. ನೀರಿನ ಟ್ಯಾಂಕಿನ ಹಿಂದಿನಿಂದ ನಿಮ್ಮ ಎರಡು ವಿಮಾನ ಬಂದವು. ಕೋಣನ ಮುಂದೆ ಕಿನ್ನರಿ ಬಾರಿಸಿದ ಕಥೆ ಕೇಳಿದ್ದೆ. ನೀವು ಕಿನ್ನರಿಯ ಮುಂದೆ ಕೋಣ ನುಗ್ಗಿಸಿದಿರಿ. ಮಗು ಬಿಲ್ಲೆಯನ್ನು ಕಿತ್ತು ಎಸೆದಳು. ಅತ್ತಳು ಎನ್ನಲಾರೆ, ಬಾಯಿ ತೆರೆದಿತ್ತು, ದನಿ ಬರಲಿಲ್ಲ. ಅಂದಿನಿಂದ ಬಿಲ್ಲೆಯ ಡಬ್ಬಿ ಕೈಗೆತ್ತಿಕೊಂಡರೆ ಸಾಕು, ಮಂಚದಡಿ ಸೇರುತ್ತಾಳೆ. ಎಳೆಯಲು ಹೋದ ತಾಯಿಯ ಮಣಿಕಟ್ಟು ಕಚ್ಚಿದ್ದಾಳೆ. 'ತಾ' ಕೂಡ ಹೋಯಿತು.

'ಕಾಯೋಣ, ತಾನಾಗಿ ಮರೀತಾಳೆ' ಎಂದೆ ಮೇಡಂಗೆ. ಅವರು ತಲೆಯಾಡಿಸಿದರು. 'ಈ ವಯಸ್ಸಲ್ಲಿ ಮಿದುಳೊಳಗೆ ಕೇಳೋ ಜಾಗ ಬಾಡಿಗೆ ಮನೆ ಇದ್ದ ಹಾಗೆ, ತಾತ. ಖಾಲಿ ಬಿಟ್ರೆ ಬೇರೆ ಯಾರೋ ಬಂದು ಕೂತ್ಬಿಡ್ತಾರೆ. ಆಮೇಲೆ ಎಷ್ಟು ಬಾಗಿಲು ಬಡಿದ್ರೂ ಮಾತು ಒಳಗೆ ಹೋಗಲ್ಲ.' ನಾನು ನಿಮಗೆ ಬರೆಯುತ್ತಿರುವುದು ಇದೊಂದೇ ಕಾರಣಕ್ಕೆ. ಕಿಟಕಿಯ ಗಾಜು ಒಡೆದಿದ್ದರೆ ಹಾಳಾಗಿ ಹೋಗಲಿ ಎಂದು ರಟ್ಟು ಅಂಟಿಸಿಕೊಳ್ಳುತ್ತಿದ್ದೆ.

ನಿಮ್ಮ ಪ್ರಕಟಣೆಯನ್ನೂ ಓದಿದೆ. 'ಸಾರ್ವಜನಿಕರಿಗೆ ಉಂಟಾಗಬಹುದಾದ ಅನನುಕೂಲಕ್ಕೆ ವಿಷಾದಿಸಲಾಗಿದೆ.' ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಎಂದು ಬೋರ್ಡು ತುಂಬಾ ಬರೆಯುತ್ತಿದ್ದರು. ದಿ ಕ್ಯಾಟ್ ಕಿಲ್ಡ್ ದಿ ರ‍್ಯಾಟ್. ದಿ ರ‍್ಯಾಟ್ ವಾಸ್ ಕಿಲ್ಡ್ ಬೈ ದಿ ಕ್ಯಾಟ್. ಕೊನೆಗೆ, 'ಬೈ ದಿ ಕ್ಯಾಟ್ ಅನ್ನೋದನ್ನ ಬೇಕಾದ್ರೆ ಬಿಡಬಹುದು' ಎನ್ನುತ್ತಿದ್ದರು. ಆ ವಿಷಯದಲ್ಲಿ ಎರಡು ಸಲ ನಪಾಸಾದವನು ನಾನು. ಬೆಕ್ಕು ತಪ್ಪಿಸಿಕೊಂಡು ಹೋಗುವ ಬಾಗಿಲು ಅದೇ ಎಂದು ಈಗ ತಿಳಿಯಿತು. ವಿಷಾದಿಸಲಾಗಿದೆ, ಸರಿ. ಯಾರಿಂದ? ನಿಮ್ಮಲ್ಲಿ ವಿಷಾದಿಸುವ ಹುದ್ದೆಯೊಂದಿದ್ದರೆ ಅವರನ್ನು ಮುಖತಃ ಕಾಣುವ ಆಸೆ ನನಗೆ.

ಆ ಆಸೆಯಿಂದಲೇ ನಿಮ್ಮ ಸಾರ್ವಜನಿಕ ಸಂಪರ್ಕ ಕಚೇರಿಗೆ ಹೊರಟೆ. 'ಅಪ್ಪಾ, ಅಲ್ಲಿ ಹೋಗಿ ಕೂಗಾಡ್ಬೇಡಿ, ಅವರ ವಿಮಾನಾನೇ ಪ್ಲಾಟ್‌ಫಾರ್ಮ್ ಬಿಟ್ಟು ಹೊರಡುತ್ತೆ' ಎಂದಳು ಮಗಳು. ಕೂಗಾಡಲಿಲ್ಲ. ಇಸ್ತ್ರಿಯ ಗೆರೆ ಮುರಿಯದ ಅಂಗಿ ತೊಟ್ಟ ಒಬ್ಬ ಕಿರಿಯ ಅಧಿಕಾರಿ ಕುರ್ಚಿ ಕೊಟ್ಟ, ನೀರು ಕೊಟ್ಟ, ಗೋಡೆಯ ನಕ್ಷೆಯ ಮುಂದೆ ನಿಲ್ಲಿಸಿದ.

'ಅಂಕಲ್, ನಿಮ್ಮ ಏರಿಯಾ ರೆಡ್ ಲ್ಯಾಂಡ್‌ನಲ್ಲಿ ಬರುತ್ತೆ.'

'ಹಾಗಂದ್ರೆ ಏನಪ್ಪಾ?'

'ಎಕ್ಸರ್‌ಸೈಜ್‌ಗೋಸ್ಕರ ಎರಡು ದೇಶ ಮಾಡ್ಕೊಂಡಿದ್ದೀವಿ. ರೈಲು ಹಳಿ ಆಚೆ ಬ್ಲೂ ಲ್ಯಾಂಡ್, ನಾವು. ಈಚೆ ರೆಡ್ ಲ್ಯಾಂಡ್.'

'ನಾವು ಶತ್ರುಗಳಾ?'

'ಛೆ ಛೆ, ಕಾಲ್ಪನಿಕವಾಗಿ ಅಷ್ಟೇ. ನಿಮ್ಮ ಬೀದಿ ಕೊನೇಲಿ ನೀರಿನ ಟ್ಯಾಂಕ್ ಇದೆಯಲ್ಲ, ಅದು ನಿಮ್ಮ ರೇಡಾರ್ ಕೇಂದ್ರ.'

'ನಮಗೆ ರೇಡಾರ್ ಬೇರೆ ಇದೆಯಾ! ವಾರಕ್ಕೆರಡು ದಿನ ನೀರೇ ಬರಲ್ವಲ್ಲೋ ಅದರಲ್ಲಿ. ಈವರೆಗೆ ಬಿತ್ತಾ ಅದು?'

'ದಿನಾ ಬೀಳುತ್ತೆ ಅಂಕಲ್! ಹಂಡ್ರೆಡ್ ಪರ್ಸೆಂಟ್ ಸಕ್ಸಸ್.' ಹುಡುಗನ ಮುಖ ಅರಳಿತ್ತು.

ಮಗುವಿನ ವಿಷಯ ಹೇಳಿದೆ. ನಿಜಕ್ಕೂ ನೊಂದುಕೊಂಡ, ಸುಳ್ಳು ಹೇಳಬಾರದು. ವಿಮಾನ ಬರುವ ಹೊತ್ತನ್ನಾದರೂ ಮುಂಚೆ ತಿಳಿಸಿ, ಆಗ ಬಿಲ್ಲೆ ತೆಗೆದಿಟ್ಟು, ಹೋದ ಮೇಲೆ ಹಾಕುತ್ತೇವೆ, ಲಡಕಾಸಿ ಬಸ್ಸಿಗೂ ವೇಳಾಪಟ್ಟಿ ಇರುತ್ತದೆ ಎಂದೆ. 'ಶತ್ರುವಿಗೆ ಟೈಮ್ ಹೇಳಿ ದಾಳಿ ಮಾಡ್ತಾರಾ ಅಂಕಲ್?' ಎಂದು ನಕ್ಕ. ಆಮೇಲೆ ಡ್ರಾಯರ್ ಎಳೆದು ಒಂದು ಪುಟ್ಟ ಪೊಟ್ಟಣ ಕೊಟ್ಟ. 'ಇಯರ್ ಪ್ಲಗ್. ಮಗುವಿಗೆ ಹಾಕಿ, ಏನೂ ಕೇಳಿಸಲ್ಲ.'

ಏನೂ ಕೇಳಿಸಲ್ಲ! ಮಾನ್ಯರೇ, ಆ ಸೌಲಭ್ಯ ಅವಳಿಗೆ ಹುಟ್ಟಿನಿಂದಲೇ ಉಚಿತವಾಗಿ ಸಿಕ್ಕಿತ್ತು. ಅದನ್ನು ಕಳೆದುಕೊಳ್ಳಲು ನಾವು ಪಟ್ಟ ಪಾಡು ನಮಗೆ ಗೊತ್ತು.

ಹಳಿಯ ಆಚೆ ಇರುವ ನನ್ನ ತಂಗಿಗೆ ಫೋನಿನಲ್ಲಿ ಇದೆಲ್ಲ ಹೇಳಿದೆ. ಅವಳು ರಾತ್ರೋರಾತ್ರಿ ಮಿತ್ರರಾಷ್ಟ್ರವಾಗಿದ್ದಾಳೆ. 'ಹಾಗಾದ್ರೆ ಭಾನುವಾರ ಊಟಕ್ಕೆ ಬರೋಕೆ ನಿಂಗೆ ವೀಸಾ ಬೇಕೇನೋ ಅಣ್ಣಾ?' ಎಂದಳು. ನಗು ಮುಗಿದ ಮೇಲೆ, 'ಸೋತೆ ಅಂತ ಬರೆದುಕೊಡೋ. ಸೋತವರ ಮನೆ ಮೇಲೆ ಯಾರು ಬಾಂಬ್ ಹಾಕ್ತಾರೆ?' ಎಂದಳು. ನನ್ನ ತಂಗಿ ಯುದ್ಧಕಲೆ ಓದಿಲ್ಲ. ಆದರೆ ನಾಲ್ಕು ಮಂದಿ ಓರಗಿತ್ತಿಯರ ನಡುವೆ ಬಾಳಿದವಳು.

ಆದ್ದರಿಂದ, ಈ ಪತ್ರದ ಮೂಲಕ ರೆಡ್ ಲ್ಯಾಂಡ್ ತಮಗೆ ಶರಣಾಗಿದೆ. ಅನ್‌ಕಂಡಿಶನಲ್ ಸರೆಂಡರ್ ಎಂದು ಬರೆಯಬೇಕೆಂದು ನೆನಪು. ಅದರಲ್ಲಿ ಎಷ್ಟು ಆರ್ ಬರುತ್ತದೆಂದು ಮರೆತಿದ್ದೇನೆ, ಬೇಕಾದಷ್ಟು ಹಾಕಿಕೊಳ್ಳಿ. ನಮ್ಮ ರೇಡಾರ್ ಕೇಂದ್ರವನ್ನು ವಶಪಡಿಸಿಕೊಳ್ಳಿ, ಸಾಧ್ಯವಾದರೆ ಅದಕ್ಕೆ ನೀರು ಬಿಡಿ. ಆರು ರಾಷ್ಟ್ರಗಳ ವಾಯುಪಡೆ ಸೇರಿ ಮಂಚದಡಿಯ ಒಂದು ಮಗುವನ್ನು ಗೆದ್ದಿದೆ. ಪದಕ ಹಂಚುವುದಿದ್ದರೆ ಇಂದೇ ಹಂಚಿ. ಸೋತ ದೇಶದ ಮೇಲೆ ಹಠಾತ್ ದಾಳಿಯ ಅಗತ್ಯ ಇನ್ನಿಲ್ಲವಾದ್ದರಿಂದ ನಮ್ಮ ಬೇಡಿಕೆ ಇಷ್ಟೇ: ಪ್ರದರ್ಶನ ಮುಗಿಯುವವರೆಗೆ ಹಾರಾಟದ ವೇಳೆಯನ್ನು ಹಿಂದಿನ ದಿನವೇ ಪ್ರಕಟಿಸಿ. ಬರುವ ಗುರುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದು ನಮ್ಮ ಬೀದಿಯ ಮೇಲೆ ಬರಲೇಬೇಡಿ. ಮೇಡಂ ಬಿಲ್ಲೆಯನ್ನು ಮತ್ತೆ ಹಾಕಿ ನೋಡುವುದು ಆ ಒಂದು ಗಂಟೆಯಲ್ಲಿ.

ಅದೂ ಆಗದೆನ್ನುವಿರಾದರೆ, ಹೇಳಲು ಮರೆತ ಒಂದು ಮಾತಿದೆ. ನಿಮ್ಮ ಹುಡುಗನೊಡನೆ ಮಾತಾಡುತ್ತಿದ್ದಾಗ ಕಿಟಕಿಯಾಚೆ ಮೂರು ವಿಮಾನ ನೆಲ ಬಿಟ್ಟು ಎದ್ದವು. ಕಣ್ಣಾರೆ ಕಂಡೆ, ಒಂದಿಷ್ಟೂ ಕೇಳಿಸಲಿಲ್ಲ. ಎರಡು ಪದರದ ಗಾಜು, ನೆಲಕ್ಕೆ ಮೆತ್ತನೆ ಹಾಸು. ಇಡೀ ಊರಿನಲ್ಲಿ ಈಗ ಮೌನವಿರುವ ಕೋಣೆ ಅದೊಂದೇ. ಯುದ್ಧದಲ್ಲಿ ಸೋತವರನ್ನು ಸೆರೆಹಿಡಿಯುವ ಪದ್ಧತಿ ಉಂಟಲ್ಲ? ಗುರುವಾರ ನನ್ನನ್ನೂ ಗುಂಡಮ್ಮನನ್ನೂ ಮೇಡಂ ಅವರನ್ನೂ ಬಂಧಿಸಿ ಆ ಕೋಣೆಯೊಳಗೆ ಹಾಕಿ, ಹೊರಗಿನಿಂದ ಬಾಗಿಲು ಮುಚ್ಚಿ. ತಪ್ಪಿಸಿಕೊಳ್ಳುವ ಪ್ರಯತ್ನ ನಾವು ಮಾಡುವುದಿಲ್ಲ. ಕಾವಲಿಗೆ ಆ ಹುಡುಗನೇ ಇರಲಿ. ಬೂಟು ಮಾತ್ರ ಬಿಚ್ಚಿ ನಿಲ್ಲಲು ಹೇಳಿ.

ಇಂತಿ,
ತಮ್ಮ ವಿಧೇಯ ಶತ್ರು,
ಸದ್ಯಕ್ಕೆ ಅರ್ಧವೂ ಅಲ್ಲದ ಒಬ್ಬ ತಾತ