ಕಟ್ಟೆಯ ಮೇಲೆ ಹೇಳಿದ ಗ್ರಾಫೀನ್ ಕಥೆ

ಕೋಗಳಿ
14-9-2009, ಸೋಮವಾರ

ಮೊಮ್ಮಗಳು ಕೋಮಲಾಗೆ ತಾತನ ಆಶೀರ್ವಾದ.

ಹೇಗಿದ್ದೀಯವ್ವ? ಧಾರವಾಡದ ಹಾಸ್ಟೆಲ್ ಊಟ ಈಗಲಾದರೂ ಒಗ್ಗಿತೇ? ಹೋದ ಸಲ ಬಂದಾಗ ಕೆನ್ನೆ ಇಳಿದಿದ್ದವು. ಇಲ್ಲಿ ನನ್ನ ಮಂಡಿ, ನಿನ್ನ ಅಜ್ಜಿಯ ಬಾಯಿ ಎರಡೂ ಇದ್ದಂತೆಯೇ ಇವೆ. ಆದರೆ ಮೂರು ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಯುಗಾದಿಗೆ ಬಂದಾಗ ನಿನ್ನ ಲ್ಯಾಬಿನ ಗ್ರಾಫೀನ್ ವಿಷಯ ಹೇಳಿದ್ದೆಯಲ್ಲ. ಪೆನ್ಸಿಲ್ ಕಡ್ಡಿಯ ಕರಿಗೆ ಟೇಪು ಅಂಟಿಸಿ ಕಿತ್ತರೆ ಬರುವ, ಕಣ್ಣಿಗೂ ಕಾಣದಷ್ಟು ತೆಳು ಹಾಳೆ. ಅದರ ಮೇಲೆ ಒಂದು ಹನಿ ರಕ್ತ ಬಿಟ್ಟರೆ, ಜ್ವರದ ವೈರಸ್ ಬಂದು ಕೂತ ಕೂಡಲೇ ಹಾಳೆಯಲ್ಲಿ ಹರಿಯುವ ಕರೆಂಟು ಬದಲಾಗಿ, ಹತ್ತೇ ನಿಮಿಷಕ್ಕೆ ಯಾವ ಜ್ವರವೆಂದು ತಿಳಿಯುತ್ತದೆ ಎಂದೆ. ಇನ್ನೂ ಪ್ರಯೋಗದಲ್ಲಿದೆ, ಅರ್ಧಕ್ಕರ್ಧ ತಪ್ಪು ಹೇಳುತ್ತದೆ ಎಂದೂ ಹೇಳಿದೆ. ಕಟ್ಟೆಯ ಮೇಲೆ ಇದನ್ನೇ ಹೇಳುವಾಗ ನಾನು ಆ ಕೊನೆಯ ಮಾತು ಬಿಟ್ಟೆ. ಕಥೆಗೆ ಭಾರವಾಗುತ್ತಿತ್ತು. ರಕ್ತ ಎಂದಾಗ ಹೆಂಗಸರು ಮುಖ ಸಿಂಡರಿಸಿದರು, ಎಂಜಲು ಸಾಕು ಎಂದುಬಿಟ್ಟೆ.

ಈಗ ಪಕ್ಕದ ಮನೆಯ ಕರಿಯಕ್ಕ, ತಾಯಿಯಿಲ್ಲದ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಐದು ದಿನದಿಂದ ಜ್ವರದಲ್ಲಿದ್ದಾಳೆ. ಮೈಮೇಲೆ ಕೆಂಪು ಚುಕ್ಕೆ. ಅಮ್ಮ ಬಂದಿದ್ದಾಳೆಂದು ಬಾಗಿಲಿಗೆ ಬೇವು ಕಟ್ಟಿ, ಒಗ್ಗರಣೆ ನಿಲ್ಲಿಸಿದ್ದಾರೆ. ಅಮ್ಮ ಇರುವ ಮೈಗೆ ಸೂಜಿ ತಾಗಿಸುವಂತಿಲ್ಲ. ಹಗರಿಬೊಮ್ಮನಹಳ್ಳಿಯಿಂದ ಡಾಕ್ಟರನ್ನು ಕರೆಸಿದೆ. ಇದು ಅಮ್ಮ ಅಲ್ಲ, ಡೆಂಗಿ ಇರಬಹುದು, ರಕ್ತ ಪರೀಕ್ಷೆ ಆಗಲೇಬೇಕು ಎಂದರು. ಇವಳು ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು, "ನಮ್ಮ ಕೋಮಲಿ ಮಿಷಿನ್ ತರ್ತಾಳ್ರಿ, ಎಂಜಲದಾಗ ಹೇಳ್ತೈತಂತ. ನೀವು ಹೋಗಿ ಬರ್ರಿ" ಅಂದಳು.

ಅವರು ಹೋದ ಮೇಲೆ ಮಂಚದ ಬಳಿ ಕೂತು ಎಲ್ಲ ಒಪ್ಪಿಕೊಂಡೆ. ಎಂಜಲು ನಾನು ಸೇರಿಸಿದ್ದು, ಮಿಷಿನ್ ಇನ್ನೂ ತಯಾರಾಗಿಲ್ಲ ಎಂದೆ. ಅಷ್ಟು ಜ್ವರದಲ್ಲೂ ನಕ್ಕಳು. "ಸುಮ್ಕಿರು ಮಾವ, ನನಗ ಸೂಜಿ ಚುಚ್ಚಸಾಕ ಇದೊಂದು ಹೊಸ ಕಥಿ ಕಟ್ಟೀಯೇನು?" ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ನನ್ನ ಕಥೆಗಳನ್ನೆಲ್ಲ ನಂಬಿದವಳು ಇದೊಂದನ್ನು ನಂಬಲಿಲ್ಲ. ಇವತ್ತು ಬೆಳಗಿನಿಂದ ಅವಳ ವಸಡಿನಲ್ಲಿ ರಕ್ತ ಜಿನುಗುತ್ತಿದೆ.

ನಿನ್ನ ಕೆಲಸ ಕೈಗೂಡಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಾತ
ಸೋಮಪ್ಪ

ತಾ.ಕ.: ನಿನ್ನ ಮೊಬೈಲು ಆಫ್ ಎನ್ನುತ್ತಿದೆ, ಅದಕ್ಕೇ ಇದನ್ನು ಈಗಿನ ಬಸ್ಸಿಗೆ ಧಾರವಾಡಕ್ಕೆ ಹೊರಟ ನಮ್ಮೂರ ಅರುಣಕುಮಾರನ ಕೈಗೆ ಕೊಟ್ಟಿದ್ದೇನೆ. ಓದಿದ ತಕ್ಷಣ ಉಜ್ಜಿನಪ್ಪನ ಮೊಬೈಲಿಗೆ ಫೋನ್ ಮಾಡು. ಅವನು ಜೀಪು ತಂದು ಕರಿಯಕ್ಕನ ಬಾಗಿಲಲ್ಲೇ ನಿಂತಿದ್ದಾನೆ. ನನ್ನ ಮಾನ ಉಳಿಸಲು ಹೋಗಬೇಡ. "ತಾತ ಸುಳ್ಳು ಹೇಳ್ಯಾನ, ದವಾಖಾನಿಗೆ ಹೋಗು" ಅಂತ ನಿನ್ನ ಬಾಯಿಂದಲೇ ಹೇಳು. ಸ್ಪೀಕರ್ ಹಾಕಿಸುತ್ತೇನೆ, ಕಟ್ಟೆಯವರೆಲ್ಲ ಕೇಳಲಿ.