ಕೆಂಪು ಹೋರಿಯ ಕಡ್ಡಿ

ಅತ್ತೆ,

ಯಾರದೋ ಹಸು ಬೆದೆಗೆ ಬಂದಿದೆಯಂತೆ, ಬೇಗ ಹೊರಟೆ. ಹಾಲು ಕರೆದು ಕಾಯಿಸಿಟ್ಟಿದ್ದೀನಿ. ನೈಟ್ರೋಜನ್ ಕ್ಯಾನಿನ ಮುಚ್ಚಳ ಮಾತ್ರ ತೆಗೀಬೇಡಿ, ಒಳಗಿರೋ ವೀರ್ಯವೆಲ್ಲ ಹಾಳಾಗುತ್ತೆ. ಅದರ ಮೇಲೆ ಟವೆಲ್ ಒಣಹಾಕೋದೂ ಬೇಡ, ಎಷ್ಟು ಸಲ ಹೇಳಲಿ!

ಇನ್ನೊಂದು ಮಾತಿದೆ. ಎದುರಿಗೆ ಹೇಳೋಕೆ ಬಾಯಿ ಬರಲಿಲ್ಲ. ನಿಮ್ಮ ಹಸುವಿಗೆ ಅಂತ ಎತ್ತಿಟ್ಟಿದ್ದ ಕೆಂಪು ಹೋರಿಯ ವೀರ್ಯದ ಒಂದೇ ಒಂದು ಕಡ್ಡಿ ಇತ್ತಲ್ಲ, ಅದನ್ನ ನಿನ್ನೆ ಬೆಳಿಗ್ಗೆ ಟೈಲರಮ್ಮನ ಕಡಸಿಗೆ ಹಾಕಿಬಿಟ್ಟೆ. ಅದು ಸಣ್ಣ ಮೈಯದು, ಚೊಚ್ಚಲು ಬೇರೆ. ಕ್ಯಾನಿನಲ್ಲಿ ಉಳಿದಿದ್ದ ದೊಡ್ಡ ಜಾತಿಯ ಕಪ್ಪು-ಬಿಳಿ ಹೋರಿಯದು ಹಾಕಿದ್ರೆ ಕರು ಹಾಕುವಾಗ ಜೀವಕ್ಕೇ ಸಂಚಕಾರ. ಅದು ತಪ್ಪು ಅಂತ ಈಗಲೂ ಅನ್ನಿಸಲ್ಲ.

ತಪ್ಪು ಮಾಡಿದ್ದು ಸಂಜೆ. ಕಡ್ಡಿ ಕರಗಿಸೋಕೆ ನೀವೇ ಬಿಸಿನೀರು ತಂದ್ರಿ, ಬಾಲ ಹಿಡಿದ್ರಿ, "ಅಲುಗಾಡಬೇಡ ತಾಯಿ, ನಿನ್ನಜ್ಜಿ ಥರ ಒಂದು ಕೆಂಪು ಕರು ಕೊಡು" ಅಂತ ಬೆನ್ನು ಸವರಿದ್ರಿ. ನಾನು ಬಾಯಿಗೆ ಬೀಗ ಹಾಕ್ಕೊಂಡು ಕಪ್ಪು-ಬಿಳಿ ಹೋರಿಯದು ಹಾಕಿದೆ. ನೀವು ಕನ್ನಡಕ ಕೂಡ ಹಾಕ್ಕೊಂಡಿರಲಿಲ್ಲ. ಸೊಸೆ ಹಾಕಿದ್ದೇ ಸರಿ ಅಂತ ನಂಬಿದ್ರಿ.

ಒಂಬತ್ತು ತಿಂಗಳಾದ ಮೇಲೆ ಕರುವೇ ಹೊರಗೆ ಬಂದು ಚಾಡಿ ಹೇಳುತ್ತೆ. ಅದಕ್ಕಿಂತ ಮುಂಚೆ ನಾನೇ ಹೇಳಿಬಿಡೋಣ ಅಂತ.

ಊಟಕ್ಕೆ ಬರ್ತೀನಿ. ಬೈಯೋದೆಲ್ಲ ಅಡುಗೆಮನೇಲೇ ಬೈದು ಮುಗಿಸಿ. ಕೊಟ್ಟಿಗೇಲಿ ಬೇಡ, ಪಾಪ, ಅದು ನಿಮ್ಮ ಮಾತು ನಂಬಿಕೊಂಡೇ ಅಲುಗಾಡದೆ ನಿಂತಿತ್ತು.